ಅರ್ಧ ಗಂಟೆ ಮುಂದಿದ್ದ ಗಡಿಯಾರ

ಕೆಂಡದ ಮೇಲೆ ಬಾಡಿಸಿದ ಬಾಳೆಲೆಯ ವಾಸನೆ ಮೂಗಿಗೆ ಬಂದರೆ ಆಶ್ರಿತಾಳಿಗೆ ಇಂದಿಗೂ ಶಿರಂಗಾಲದ ಆ ಸಣ್ಣ ಅಡಿಗೆಮನೆ ನೆನಪಾಗುತ್ತದೆ. ತಾಯಿಯಿಲ್ಲದ ಮನೆ. ದೇವಸ್ಥಾನದ ಅಡಿಗೆಗೆ ಹೊರಡುವ ಮೊದಲು ಅಪ್ಪ ಎಲೆ ಬಾಡಿಸಿ, ಮೊಸರನ್ನ ಕಟ್ಟಿ, ಅವಳ ಶಾಲೆಯ ಚೀಲದ ಪಕ್ಕದಲ್ಲಿ ಇಟ್ಟು ಹೋಗುತ್ತಿದ್ದರು. ಆರಕ್ಕೆ ಐದು ನಿಮಿಷ ಇರುವಾಗ ಆಕಾಶವಾಣಿಯ ಪಿಟೀಲಿನ ರಾಗ ಶುರುವಾಗುತ್ತಿತ್ತು. ಅದು ಮುಗಿಯುವುದರೊಳಗೆ ಬುತ್ತಿಗೆ ಬಾಳೆನಾರು ಬಿಗಿದಾಗಿರುತ್ತಿತ್ತು. ಅಪ್ಪ ಹೋಗಿ ಎಂಟು ವರ್ಷವಾಯಿತು. ಆದರೂ ಆ ಶನಿವಾರ ಮಡಿಕೇರಿಯ ಗಂಡನ ಮನೆಯಲ್ಲಿ, ಪರವೂರಿಗೆ ಹೊರಟ ಮಾವನ ಬುತ್ತಿಗೆಂದು ಅತ್ತೆ ಕಾತ್ಯಾಯನಿ ಬಚ್ಚಲೊಲೆಯ ಕೆಂಡಕ್ಕೆ ಎಲೆ ಹಿಡಿದಾಗ, ಆಶ್ರಿತಾ ತನಗೇ ತಿಳಿಯದೆ ಎದ್ದು ಅಲ್ಲಿಗೆ ಹೋಗಿ ನಿಂತಳು.

"ಅತ್ತೆ, ಮಾವನ ಬುತ್ತಿ ನಾನು ಕಟ್ಲಾ?"

ಉತ್ತರ ಬಂದದ್ದು ಜಗುಲಿಯಿಂದ. "ಬೇಡ. ಇಸ್ಪೀಟು ಕಲಸುವ ಕೈಯಲ್ಲಿ ಅನ್ನ ಕಲಸುವುದು ಬೇಡ."

ಮಾವ ವೆಂಕಟಕೃಷ್ಣ ಜೋಯಿಸರು ನಲವತ್ತು ವರ್ಷಗಳಿಂದ ಜಾತಕ ಬರೆಯುತ್ತಿದ್ದವರು. ಜೋರಾಗಿ ಬೈಯುವವರಲ್ಲ. ಆದರೆ ಸೊಸೆ ಶನಿವಾರ, ಭಾನುವಾರ ದುಬಾರೆಯ ಹತ್ತಿರದ ಒಂದು ಹೋಮ್‌ಸ್ಟೇ ಅಂಗಳದಲ್ಲಿ ಮೇಜು ಹಾಕಿಕೊಂಡು ಪ್ರವಾಸಿಗಳಿಗೆ ಟಾರೋ ಕಾರ್ಡು ನೋಡಿ ಹೇಳುತ್ತಾಳೆಂದು ತಿಳಿದ ದಿನದಿಂದ, ಅಂದರೆ ಆರು ತಿಂಗಳಿಂದ, ಅವಳು ಮಾಡಿದ್ದನ್ನು ಅವರು ಬಾಯಿಗೆ ಇಟ್ಟಿರಲಿಲ್ಲ. ಅವಳು ಬಡಿಸಲು ಬಂದರೆ ಎಲೆಯ ಮೇಲೆ ಅಂಗೈ ಅಡ್ಡ ಹಿಡಿಯುತ್ತಿದ್ದರು, ಅಷ್ಟೇ. ಆ ಅಂಗೈ ನೋಡಿದಾಗಲೆಲ್ಲ ಆಶ್ರಿತಾ ಪಾತ್ರೆ ಹಿಡಿದುಕೊಂಡು ಒಳಗೆ ಹೋಗುತ್ತಿದ್ದಳು... ಅಪ್ಪ ಹೋದ ಮೇಲೆ ಮಾವನನ್ನೇ ಅಪ್ಪನೆಂದುಕೊಂಡು ಬಂದ ಮನೆಯಲ್ಲವೇ ಇದು? ಗಂಡ ಮಧುಸೂದನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಒಮ್ಮೆ ತಂದೆಯ ಹತ್ತಿರ ವಾದಕ್ಕೆ ಹೋಗಿ, "ನಿನ್ನ ತರಗತಿಯಲ್ಲಿ ಉತ್ತರ ಬರೆಯಲು ಚೀಟಿ ಎತ್ತಿಸ್ತೀಯೇನೋ?" ಎಂದು ಕೇಳಿಸಿಕೊಂಡು ಬಂದಿದ್ದ. ಅತ್ತೆ ಮಾತ್ರ ದಿನಾ ಗಂಡನ ಎಲೆಯ ತುದಿಗೆ ಒಂದು ಮಿಡಿ ಉಪ್ಪಿನಕಾಯಿ ಹಾಕುತ್ತಿದ್ದರು. ಅದು ಸೊಸೆ ಹಾಕಿಟ್ಟ ಉಪ್ಪಿನಕಾಯಿ. ಅದನ್ನು ಯಾರಿಗೂ ಹೇಳಿರಲಿಲ್ಲ.

ಅಂದು ಮಧ್ಯಾಹ್ನ ಆಶ್ರಿತಾಳ ಮೇಜಿನ ಮುಂದೆ ಬಂದು ಕುಳಿತವಳು ಪ್ರವಾಸಿಯಲ್ಲ. ಚೆಟ್ಟಳ್ಳಿಯ ಹುಡುಗಿ, ಹೆಸರು ಗಾನವಿ. ಕುಶಾಲನಗರದ ಬ್ಯಾಂಕೊಂದರಲ್ಲಿ ಕೆಲಸ. ಅತ್ತು ಅತ್ತು ಮೂಗಿನ ತುದಿ ಕೆಂಪಾಗಿತ್ತು.

"ಅಕ್ಕ, ನಂಗೆ ಹೌದಾ ಅಲ್ವಾ ಹೇಳಿದ್ರೆ ಸಾಕು. ವಸಂತನ ಜೊತೆ ಮದುವೆ ಆಗ್ತದಾ?"

"ಹೌದು, ಅಲ್ಲ ಹೇಳೋದು ಈ ಕಾರ್ಡಿಗೆ ಬರಲ್ಲಮ್ಮ. ಏನಾಯ್ತು, ಮೊದಲು ಅದು ಹೇಳು."

ಗಾನವಿ ಹೇಳಿದಳು. ಭಾಗಮಂಡಲದ ಕಡೆಯ ವಸಂತ ಒಳ್ಳೆಯ ಹುಡುಗ, ಎರಡು ಮನೆಯವರಿಗೂ ಒಪ್ಪಿಗೆ. ಆದರೆ ಜಾತಕ ತೋರಿಸಿದಾಗ ಅವಳದು ಜ್ಯೇಷ್ಠಾ ನಕ್ಷತ್ರ, ಹುಡುಗನ ಅಣ್ಣನಿಗೆ ಆಗದು ಎಂದಾಯಿತು. ಹೋದ ವರ್ಷವಷ್ಟೇ ಆ ಅಣ್ಣ ಜೀಪು ಮಗುಚಿ ಬಿದ್ದು ಬದುಕಿ ಬಂದಿದ್ದ. ಅವನ ತಾಯಿ ಹೆದರಿಬಿಟ್ಟರು. ನಾಳೆ ಸಂಜೆ ಸಂಬಂಧ ಬೇಡವೆಂದು ಹೇಳಿ ಕಳಿಸುವವರಿದ್ದಾರೆ.

"ಜಾತಕ ನೋಡಿದ್ದು ಯಾರು?"

"ಮಡಿಕೇರಿಯ ವೆಂಕಟಕೃಷ್ಣ ಜೋಯಿಸ್ರು. ನಾ ಹುಟ್ಟಿದಾಗ ಬರ್ದವ್ರೂ ಅವ್ರೇ."

ಕಾರ್ಡು ಕಲಸುತ್ತಿದ್ದ ಆಶ್ರಿತಾಳ ಕೈ ನಿಂತಿತು. "ಅವರು ನನ್ನ ಮಾವ."

ಗಾನವಿ ಚೀಲ ಎತ್ತಿಕೊಂಡು ಎದ್ದೇಬಿಟ್ಟಳು.

"ಕೂತ್ಕೊ ಮಾರಾಯ್ತಿ. ಇಲ್ಲಿ ಹೇಳಿದ್ದು ಇಲ್ಲೇ ಇರ್ತದೆ. ಒಂದು ಕಾರ್ಡು ಎತ್ತು."

ಅವಳು ಎತ್ತಿದ ಚಿತ್ರದಲ್ಲಿ ಎಂಟು ಕತ್ತಿಗಳ ನಡುವೆ ಒಬ್ಬಳು ಹೆಂಗಸು, ಕಣ್ಣಿಗೆ ಬಟ್ಟೆ, ಕೈಗೆ ಕಟ್ಟು. ಗಾನವಿಗೆ ಮತ್ತೆ ಅಳು ಬಂತು. ಆಶ್ರಿತಾ ನೀರು ಕೊಟ್ಟು, ಕುಡಿಯುವವರೆಗೆ ಕಾದಳು. "ಇವಳ ಕಾಲು ನೋಡು. ಕಾಲಿಗೆ ಕಟ್ಟಿಲ್ಲ. ನಿನ್ನನ್ನು ಕಟ್ಟಿದ್ದು ಯಾವುದು ಅಂತ ನಿನಗನ್ನಿಸ್ತದೆ?"

"ನಾ ಹುಟ್ಟಿದ ಹೊತ್ತು, ಮತ್ತೆಂಥ? ಅಮ್ಮ ಎಷ್ಟು ಖುಷಿಲಿ ಹೇಳ್ತಿದ್ದ ಕಥೆ ಅದು... ಜನವರಿ ಚಳಿ, ಎಸ್ಟೇಟಿನ ಮನೆ, ನಾ ಹೊರಗೆ ಬಂದು ಕಿರುಚಿದ್ದಕ್ಕೂ ರೇಡಿಯೋದಲ್ಲಿ ಬೆಳಗಿನ ಪಿಟೀಲು ಶುರುವಾದ್ದಕ್ಕೂ ಸರಿ ಹೋಯ್ತಂತೆ. ಈಗ ಅದೇ ಹೊತ್ತು ನಂಗೆ ಶಾಪ."

ಆಶ್ರಿತಾಳ ಮೂಗಿಗೆ ಎಲ್ಲಿಂದಲೋ ಬಾಡಿದ ಬಾಳೆಲೆಯ ವಾಸನೆ ಬಂದಂತಾಯಿತು. "ಜಾತಕದಲ್ಲಿ ಎಷ್ಟು ಗಂಟೆ ಅಂತಿದೆ?"

"ಆರು ಇಪ್ಪತ್ತೈದು. ಅಪ್ಪ ಗಡಿಯಾರ ನೋಡಿ ಬರ್ದಿಟ್ಟಿದ್ದು."

"ಆ ರಾಗ ಬರೋದು ಆರಕ್ಕೆ ಐದು ನಿಮಿಷಕ್ಕೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆ ಕ್ಷಣದಲ್ಲಿ ಆಶ್ರಿತಾ ಒಂದು ಮಾತು ಹೇಳಿಬಿಡಬಹುದಿತ್ತು. ಕಾರ್ಡು ಶುಭ ಹೇಳುತ್ತಿದೆ, ಹೋಗಿ ಮದುವೆಯಾಗು ಎಂದರೆ ಹುಡುಗಿ ಕಾಲಿಗೆ ಬೀಳುತ್ತಿದ್ದಳು. ಮಾವನ ಜಾತಕ ತಪ್ಪೆಂದು ಊರೆಲ್ಲ ಹೇಳಿಕೊಂಡು ಬರಲೂಬಹುದಿತ್ತು. ಅವಳು ಕಾರ್ಡುಗಳನ್ನು ಜೋಡಿಸಿ ಬಟ್ಟೆಯಲ್ಲಿ ಸುತ್ತಿದಳು.

"ನಿನ್ನ ನಕ್ಷತ್ರ ಈ ಕಾರ್ಡಿಗೆ ಗೊತ್ತಿಲ್ಲ ಗಾನವಿ. ಅದು ಗೊತ್ತಿರೋದು ಮಾವನಿಗೆ. ನಾಳೆ ಬೆಳಿಗ್ಗೆನೇ ಅಪ್ಪ, ಅಮ್ಮನ್ನ ಕರ್ಕೊಂಡು ಬಾ. ರೇಡಿಯೋದ ಮಾತು ಅಮ್ಮನೇ ಹೇಳ್ಲಿ."

ಭಾನುವಾರ ಏಳು ಗಂಟೆಗೇ ಜೀಪು ಬಂತು. ಗಾನವಿಯ ತಂದೆ ಕುಟ್ಟಪ್ಪ ಕಾಫಿ ಎಸ್ಟೇಟಿನಲ್ಲಿ ಮೂವತ್ತು ವರ್ಷ ರೈಟರ್ ಆಗಿ, ಆಳುಗಳ ಹಾಜರಿ ಹಿಡಿದು ನಿವೃತ್ತನಾದವನು. ತಾಯಿ ಹೊನ್ನಮ್ಮ ಬರುವಾಗಲೇ ಒಂದು ಚೀಲ ಕಿತ್ತಳೆ ತಂದು ಕಾತ್ಯಾಯನಿಯ ಕೈಗೆ ಕೊಟ್ಟಳು. ಆಶ್ರಿತಾ ಒಳಗೆ ಬಾಗಿಲ ಮರೆಯಲ್ಲಿ ನಿಂತಳು. ಹುಡುಗಿಯ ಮದುವೆ ಉಳಿಯಬೇಕು ಎಂಬುದೊಂದೇ ಅವಳ ಮನಸ್ಸಿನಲ್ಲಿತ್ತು. ಆಮೇಲೆ ಮಾವ ಮನೆ ಬಿಡು ಎಂದರೂ ಎನ್ನಲಿ.

"ನಾನು ಬರೆದ ಜಾತಕದಲ್ಲಿ ತಪ್ಪು?" ಜೋಯಿಸರು ಕನ್ನಡಕ ತೆಗೆದರು. "ಕುಟ್ಟಪ್ಪ, ಹೊತ್ತು ಕೊಟ್ಟದ್ದು ನೀನಲ್ಲವೇನಯ್ಯ?"

"ನಾನೇ ಜೋಯಿಸ್ರೇ. ಆರು ಇಪ್ಪತ್ತೈದು. ಈ ಎರಡು ಕಣ್ಣಲ್ಲಿ ನೋಡಿದ್ದೆ."

"ಪಿಟೀಲು ಕೇಳಿದ್ದು ಈ ಎರಡು ಕಿವೀಲಿ," ಎಂದಳು ಹೊನ್ನಮ್ಮ. "ಹೆತ್ತದ್ದು ನಾನು, ನೀವಲ್ಲ. ಆ ಗಡಿಯಾರದ ಮುಳ್ಳು ತಿರುಗಿಸ್ತಾ ಇದ್ದದ್ದು ಯಾರು, ಅದನ್ನೂ ಹೇಳಿ."

ಕುಟ್ಟಪ್ಪ ಟೊಪ್ಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. "ಅದು... ಕಾಫಿ ಕೊಯ್ಯೋ ಪಿಕ್ಕಿಂಗ್ ಟೈಮಲ್ಲಿ ಲೈನ್‌ಮನೆಯ ಆಳುಗಳು ಎದ್ದು ಬರೋದು ತಡ ಆಗ್ತಿತ್ತು. ಹಾಗೆ ಗಡಿಯಾರ ಅರ್ಧ ಗಂಟೆ ಮುಂದಿಟ್ಟು, ಅದ್ರ ಪ್ರಕಾರ ಕೆಲಸದ ಗಂಟೆ ಹೊಡೀತಿದ್ದೆ."

"ಎಷ್ಟು ವರ್ಷ?"

"ರೈಟರ್ ಆದ ದಿವಸದಿಂದ ರಿಟೈರ್ ಆಗೋವರೆಗೆ."

"ಮಗಳು ಹುಟ್ಟಿದ ಹೊತ್ತನ್ನೂ ಅದರಲ್ಲೇ ನೋಡಿದೆಯಾ?"

"ಅದೇ ಗೋಡೇಲಿ ಇತ್ತಲ್ಲ. ಹೆಣ್ಣು ಕೂಸು ಅಂದ್ರು, ಖುಷಿಲಿ ತಲೆಗೇ ಹೋಗ್ಲಿಲ್ಲ ಜೋಯಿಸ್ರೇ."

ಹೊನ್ನಮ್ಮ ಹಣೆ ಬಡಿದುಕೊಂಡಳು. "ಊರಿಗೆಲ್ಲ ಮೋಸ ಮಾಡಿ, ಕಡೆಗೆ ತಾನೇ ಅದ್ರಲ್ಲಿ ಬಿದ್ದದ್ದು ನೋಡಿ ಇವ್ರು."

ಕಾಫಿ ಹಿಡಿದು ಬಂದ ಕಾತ್ಯಾಯನಿಗೆ ನಗು ತಡೆಯಲಾಗದೆ ಲೋಟ ತುಳುಕಿತು. ಜೋಯಿಸರು ನಗಲಿಲ್ಲ. ಎದ್ದು ಒಳಗೆ ಹೋಗಿ, ಪೆಟ್ಟಿಗೆಯಿಂದ ಗಾನವಿ ಹುಟ್ಟಿದ ವರ್ಷದ ಪಂಚಾಂಗ ತಂದು ಕನ್ನಡಕ ಹಾಕಿಕೊಂಡರು. ಮೂಲೆಗೆ ಹಚ್ಚಿದ ಅರಿಶಿನ ಇನ್ನೂ ಮಾಸಿರಲಿಲ್ಲ. ಬೆರಳು ಸಾಲಿನ ಮೇಲೆ ನಿಧಾನವಾಗಿ ಹೋಯಿತು. ಕಾಗದದ ಮೇಲೆ ಗಳಿಗೆಯ ಲೆಕ್ಕ ಒಮ್ಮೆ ಹಾಕಿ, ಅಳಿಸಿ, ಮತ್ತೆ ಹಾಕಿದರು. ಗಾನವಿ ತಾಯಿಯ ಸೆರಗು ಹಿಡಿದುಕೊಂಡು ಕುಳಿತಿದ್ದಳು.

"ಆ ದಿನ ಅನುರಾಧಾ ಆರು ಗಂಟೆ ಎಂಟು ನಿಮಿಷದವರೆಗೆ ಇತ್ತು," ಎಂದರು ಕೊನೆಗೆ. "ಆಮೇಲೆ ಜ್ಯೇಷ್ಠಾ. ಇವಳು ಹುಟ್ಟಿದ್ದು ಆರಕ್ಕೆ ಮೊದಲು. ಅನುರಾಧಾ, ನಾಲ್ಕನೇ ಪಾದ. ಹುಡುಗನ ಅಣ್ಣನಿಗೆ ಯಾವ ತೊಂದರೆಯೂ ಇಲ್ಲ." ಕನ್ನಡಕ ತೆಗೆದು, "ಹೊತ್ತು ಸರಿಯೋ ಎಂದು ನಾನು ತಾಯಿಯನ್ನೊಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. ಆ ತಪ್ಪು ನನ್ನದು. ಭಾಗಮಂಡಲಕ್ಕೆ ನಾನೇ ಫೋನು ಮಾಡಿ ಹೇಳುತ್ತೇನೆ," ಎಂದರು.

ಹೊನ್ನಮ್ಮ ಕಣ್ಣೊರೆಸಿಕೊಂಡಳು. "ನಿಮ್ಮ ಸೊಸೆ ಪುಣ್ಯಾತ್ಗಿತ್ತಿ. ನಿನ್ನೆ ಅವಳು ಹೇಳ್ದೆ ಇದ್ದಿದ್ರೆ ಈ ಕೂಸಿಗೆ ಇಲ್ಲಿಗೆ ಬರೋ ಧೈರ್ಯ ಎಲ್ಲಿತ್ತು?"

ಬಾಗಿಲ ಮರೆಯಲ್ಲಿ ಆಶ್ರಿತಾ ಕಣ್ಣು ಮುಚ್ಚಿಕೊಂಡಳು.

ಫೋನು ಮಾಡಿಯಾಯಿತು. ಆ ಕಡೆ ವಸಂತನ ತಾಯಿ, ತಾನೂ ಎರಡು ದಿನದಿಂದ ಊಟ ಮಾಡಿರಲಿಲ್ಲವೆಂದು ಅತ್ತರಂತೆ. ಜೀಪು ಹೋದ ಮೇಲೆ ಜೋಯಿಸರು ಸೊಸೆಯನ್ನು ಕರೆದರು.

"ನಿನ್ನ ಹತ್ತಿರ ಬಂದವರನ್ನು ಮೊದಲು ಏನು ಕೇಳ್ತೀಯಮ್ಮ?"

ಆರು ತಿಂಗಳ ಮೇಲೆ ಕಿವಿಗೆ ಬಿದ್ದ 'ಅಮ್ಮ'. ಅವಳು ಬಾಗಿಲು ಬಿಟ್ಟು ಮುಂದೆ ಬಂದಳು. "ಮನಸ್ಸಿನಲ್ಲಿ ಏನಿದೆ ಅಂತ ಕೇಳ್ತೀನಿ ಮಾವ. ಚಿತ್ರ ನೋಡ್ತಾ ನೋಡ್ತಾ ಅವರೇ ಹೇಳ್ಕೊಳ್ತಾರೆ. ಮುಂದೆ ಆಗೋದು ನನಗೇನೂ ಗೊತ್ತಾಗಲ್ಲ."

"ನಾನು ಕೇಳುವುದು ದಿನ, ಹೊತ್ತು, ಊರು. ಹುಟ್ಟಿದ ಗಳಿಗೆಯಿಂದ ಲೆಕ್ಕ. ಎದುರು ಕೂತವರು ಅಳುತ್ತಿದ್ದರೂ ಲೆಕ್ಕ ಬದಲಾಗುವುದಿಲ್ಲ." ಅವರು ಪಂಚಾಂಗ ಮುಚ್ಚಿದರು. "ಮನಸ್ಸಿನಲ್ಲಿ ಏನಿದೆ ಎಂದು ನಾನು ಯಾರನ್ನೂ ಕೇಳಿಲ್ಲ."

"ಮದುವೆಯಾಗಿ ನಲವತ್ತು ವರ್ಷ, ನನ್ನನ್ನೂ ಕೇಳಿಲ್ಲ," ಎಂದು ಒಳಗಿನಿಂದ ಕಾತ್ಯಾಯನಿ. "ಕೇಳಿದ್ದರೆ ಹೇಳ್ತಿದ್ದೆ. ಆರು ತಿಂಗಳಿಂದ ನೀವು ಚಪ್ಪರಿಸಿ ತಿನ್ನೋ ಉಪ್ಪಿನಕಾಯಿ ಇವಳದು."

"ಗೊತ್ತು," ಎಂದರು ಜೋಯಿಸರು. "ನಿನ್ನದರಲ್ಲಿ ಉಪ್ಪು ಜಾಸ್ತಿ."

ಮುಂದಿನ ಶನಿವಾರ ಆಶ್ರಿತಾ ಬಸ್ಸಿಗೆ ಹೊರಟಾಗ ಬಚ್ಚಲೊಲೆಯ ಕಡೆಯಿಂದ ಹೊಗೆ ಬರುತ್ತಿತ್ತು. ಕಾತ್ಯಾಯನಿ ಅಂಗಳದಲ್ಲಿ ರಂಗೋಲಿ ಹಾಕುತ್ತಿದ್ದರು. ಹಾಗಾದರೆ ಒಲೆಯ ಹತ್ತಿರ ಯಾರು ಎಂದು ಅವಳು ಇಣುಕುವಷ್ಟರಲ್ಲಿ ಜೋಯಿಸರೇ ಪಂಚೆಗೆ ಕೈ ಒರೆಸಿಕೊಳ್ಳುತ್ತ ಬಂದರು. ಎಲೆಯ ಒಂದು ಅಂಚು ಸುಟ್ಟು ಕಪ್ಪಾಗಿತ್ತು. ಬಾಳೆನಾರಿನ ಗಂಟು ಓರೆಯಾಗಿತ್ತು. ಮೊಸರನ್ನದ ಬಿಸಿ ಇನ್ನೂ ಆರಿರಲಿಲ್ಲ. ಅವರು ಆ ಬುತ್ತಿಯನ್ನು ಅವಳ ಎರಡು ಕೈಗಳ ನಡುವೆ ಇಟ್ಟರು.