ತೊಗಲಿನ ಹರಿಗೋಲು

ತುಂಗಭದ್ರೆಗೆ ಮಹಾಪೂರ ಬಂದ ಒಂದು ಶ್ರಾವಣದಲ್ಲಿ, ನಡುಗಡ್ಡೆಯಲ್ಲಿ ಸಿಕ್ಕಿಕೊಂಡಿದ್ದ ಕುರಿಗಾರರ ಕುಟುಂಬವೊಂದನ್ನು ಫಕ್ಕೀರಪ್ಪ ಅಂಬಿಗೇರನೆಂಬ ತರುಣನು ತೊಗಲಿನ ಹರಿಗೋಲಿನಲ್ಲಿ ದಡ ಮುಟ್ಟಿಸಿದ್ದನು. ನಡುಹೊಳೆಯಲ್ಲಿ ಹುಟ್ಟು ಮುರಿದಾಗ ಅವನು ನೀರಿಗೆ ಧುಮುಕಿ, ಒಂದು ಕೈಯಿಂದ ಹರಿಗೋಲನ್ನು ಎಳೆಯುತ್ತ, ಹಸುಗೂಸನ್ನು ಕಟ್ಟಿದ ಜೋಳಿಗೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಈಜಿದನೆಂದು ಹೊಳೆಸಾಲಿನ ಹಿರಿಯರು ಹೇಳುತ್ತಿದ್ದರು. ಅಂದಿನ ತಹಸೀಲ್ದಾರರು ತೊಡಿಸಿದ ಬೆಳ್ಳಿಯ ಕಡಗ ಅವನ ಕೈಯಿಂದ ಎಂದೂ ಇಳಿದಿರಲಿಲ್ಲ. ನಲವತ್ತು ವರ್ಷಗಳು ಕಳೆದವು. ಹೇಳುವ ಹಿರಿಯರು ತೀರಿಹೋದರು, ಕಡಗ ಉಳಿಯಿತು.

೨೦೦೬ನೆಯ ಇಸವಿ ನವೆಂಬರ್ ೨೨, ಬುಧವಾರ ಬೆಳಿಗ್ಗೆ ಹತ್ತೂವರೆಗೆ ಬ್ಯಾಡಗಿಯ ಪರಮೇಶಪ್ಪನೆಂಬವರು ರಾಣೆಬೆನ್ನೂರಿನ ಠಾಣೆಗೆ ಬಂದು, ಇನ್‌ಸ್ಪೆಕ್ಟರ್ ಶಂಭುಲಿಂಗ ಹಿರೇಮಠರ ಮುಂದೆ ಲಿಖಿತ ದೂರನ್ನಿಟ್ಟರು. ಅವರು ಮೆಣಸಿನಕಾಯಿ ದಲಾಲಿ ಅಂಗಡಿಯೊಂದರ ಗುಮಾಸ್ತರು. ನವೆಂಬರ್ ೧೨ರ ಭಾನುವಾರ ಅವರ ಮಗಳು ಶ್ವೇತಾ ಹಲಗೇರಿ ದಾರಿಯ ಕೆರೆಯಲ್ಲಿ ಗೆಳತಿಯೊಡನೆ ದೋಣಿವಿಹಾರಕ್ಕೆ ಹೋಗಿದ್ದಾಗ ದೋಣಿ ಮಗುಚಿತ್ತು. ಗೆಳತಿ ಗಾಯವಿಲ್ಲದೆ ಪಾರಾಗಿದ್ದಳು; ನೆರವಿಗೆ ಬಂದ ಇನ್ನೊಂದು ದೋಣಿಯ ಅಂಚಿಗೆ ಸಿಕ್ಕು ಶ್ವೇತಾಳ ಬಲಗೈ ಮಣಿಕಟ್ಟು ಜಜ್ಜಿಹೋಗಿತ್ತು. ಹೊಲಿಗೆ ಕಲಿಸಿ ಬದುಕುವ ಹುಡುಗಿಗೆ ಕೈಯೇ ಬಂಡವಾಳ. ಪರಿಹಾರಕ್ಕಾಗಿ ಹಾವೇರಿಯ ಗ್ರಾಹಕರ ವೇದಿಕೆಗೆ ಹೋಗುವ ಸಿದ್ಧತೆಯಲ್ಲಿದ್ದಾಗ ಆ ದೋಣಿಗಳ ವಿಮೆಯವರಿಂದ ಉತ್ತರ ಬಂದಿತ್ತು.

"ಕೈ ಮುರದದ್ದು ನನ್ನ ಮಗಳದು ಸಾಹೇಬ್ರ, ತಪ್ಪೂ ಆಕೀದ ಅಂತ ಬರದಾರ," ಎಂದರು ಪರಮೇಶಪ್ಪ. "ಆಕಿ ಎದ್ದ ನಿಂತದ್ದಕ್ಕ ದೋಣಿ ಮಗಚಿತಂತ."

"ಎದ್ದು ನಿಂತಿದ್ದಳೋ ಇಲ್ಲೋ?"

"ನಿಂತಿದ್ಲು. ಕಾಲಾಗ ನೀರ ಬಂದ ಮ್ಯಾಲೆ ನಿಂತ್ಲು. ಮೊದಲ ನೀರು, ಆಮ್ಯಾಲೆ ಎದ್ದದ್ದು. ಇದೊಂದನ್ನ ಯಾರೂ ಕೇಳವಲ್ರು."

ಇಡೀ ಪ್ರಕರಣ ಆ ಒಂದು ಮಾತಿನ ಮೇಲೆ ನಿಂತಿದೆಯೆಂದು ಹಿರೇಮಠರಿಗೆ ತೋರಿತು. ಅಸುರಕ್ಷಿತ ದೋಣಿಯಲ್ಲಿ ಬಾಡಿಗೆಗೆ ಜನರನ್ನು ಸಾಗಿಸಿದ್ದು ಹಾಗೂ ನಿರ್ಲಕ್ಷ್ಯದಿಂದ ತೀವ್ರ ಗಾಯವುಂಟುಮಾಡಿದ್ದು ಎಂಬ ಆರೋಪದ ಮೇಲೆ, ಭಾರತೀಯ ದಂಡ ಸಂಹಿತೆಯ ೨೮೨ ಮತ್ತು ೩೩೮ನೆಯ ಕಲಮುಗಳಡಿ, ದೋಣಿಗಳ ಗುತ್ತಿಗೆದಾರ ಮಾಂತೇಶನ ವಿರುದ್ಧ ಎಫ್‌.ಐ.ಆರ್. ದಾಖಲಾಯಿತು.

ಮಧ್ಯಾಹ್ನ ಬ್ಯಾಡಗಿಗೆ ಹೋಗಿ ಶ್ವೇತಾಳ ಹೇಳಿಕೆ ಪಡೆದರು. ಕೈಗೆ ಮೊಳಕೈವರೆಗೆ ಪ್ಲಾಸ್ಟರ್ ಇತ್ತು.

"ಮೊದಲು ಏನು ನೋಡಿದಿರಿ?"

"ಚಪ್ಲಿ ತೇಲಾಕತ್ತಿತ್ರಿ. ನಕ್ಕೆ. ಆಮ್ಯಾಲೆ ಹೆದರಿಕಿ ಬಂತು."

"ನಿಮ್ಮನ್ನು ಎತ್ತಿದವರು ಯಾರು?"

"ಒಬ್ಬ ಅಜ್ಜಾರು. ನೀರಾಗ ಕಣ್ಣ ತಗೀತಿದ್ದಂಗ ಅವರ ಹರಿಗೋಲ ಬಾಜೂಕ ಇತ್ತು. ದೇವರ ಬಂದಂಗ ಬಂದ್ರ್ರಿ."

ಆ ಅಜ್ಜ ಫಕ್ಕೀರಪ್ಪ. ಹೊಳೆಗೆ ಸೇತುವೆಯಾಗಿ ಹರಿಗೋಲಿಗೆ ಕೆಲಸವಿಲ್ಲವಾದ ಮೇಲೆ ತಂಗಿ ಭರಮವ್ವಳ ಮನೆಯಲ್ಲಿ, ಕೆರೆಯ ದಂಡೆಯಲ್ಲಿ ಇದ್ದನು. ಗುತ್ತಿಗೆದಾರ ಮಾಂತೇಶ ಭರಮವ್ವಳ ಮಗ.

ಸಂಜೆ ನಾಲ್ಕಕ್ಕೆ ಪಂಚರ ಸಮಕ್ಷಮದಲ್ಲಿ ಕೆರೆಯ ದಂಡೆಯ ಮೇಲೆ ಪಂಚನಾಮೆ ನಡೆಯಿತು. ಹಂಸದ ಮೋರೆಯ ಪೆಡಲ್ ದೋಣಿಯನ್ನು ಹೆಡ್ ಕಾನ್‌ಸ್ಟೆಬಲ್ ಇಸ್ಮಾಯಿಲಸಾಬರು ಬೋರಲು ಹಾಕಿಸಿದರು. ಬಾಲದ ಕೆಳಗೆ, ಒಳಗಿನ ನೀರು ಬಸಿಯಲು ಬಿಟ್ಟಿದ್ದ ರಂಧ್ರಕ್ಕೆ ಬಿರಡೆ ಇರಲಿಲ್ಲ.

"ಬಿರಡಿ ಎಲ್ಲಿ?" ಎಂದರು ಇಸ್ಮಾಯಿಲಸಾಬರು.

"ಶನಿವಾರ ಸಂಜಿಮುಂದ ನಾನ ಬಿಗಿ ಮಾಡೇನ್ರಿ," ಎಂದನು ಮಾಂತೇಶ. ಮೂವತ್ತರ ಆಳು, ಹತ್ತು ದಿನಗಳಿಂದ ಸರಿಯಾಗಿ ಉಂಡಂತಿರಲಿಲ್ಲ. "ದೋಣಿ ಮಗಚಿದಾಗ ಬಿದ್ದಿರಬೇಕು ಅನಕೊಂಡಿದ್ದೆ."

ಹಿರೇಮಠರು ರಂಧ್ರದೊಳಗೆ ಬೆರಳಾಡಿಸಿದರು. ತಿರುಪಿನ ಗೆರೆಗಳು ಸವೆದಿರಲಿಲ್ಲ. ಅವುಗಳ ಸಂದಿನಲ್ಲಿ ಸೆಣಬಿನ ನಾರು ಬೆರೆಸಿದ ಎರೆಮಣ್ಣು ಒಣಗಿ ಕುಳಿತಿತ್ತು. ಯಾರೋ ಬಿರಡೆಯನ್ನು ತೆಗೆದು, ನೀರಿನಲ್ಲಿ ನಿಧಾನವಾಗಿ ಕರಗುವಂತೆ ಮಣ್ಣನ್ನು ಮೆತ್ತಿದ್ದರು.

"ಇದು ಹೊಟ್ಟಿಕಿಚ್ಚಿನ ಕೆಲಸ ಸಾಹೇಬ್ರ," ಎಂದರು ಇಸ್ಮಾಯಿಲಸಾಬರು. "ಈ ಹುಡುಗ ಉದ್ಧಾರ ಆಗೋದು ಯಾರಿಗೋ ಸೇರವಲ್ದು."

ಹರಾಜಿನಲ್ಲಿ ಗುತ್ತಿಗೆ ಕಳೆದುಕೊಂಡಿದ್ದ ಯಲ್ಲೇಶನೆಂಬವನ ಮೇಲೆ ಮೊದಲ ಸಂಶಯ ಬಿತ್ತು. ಆದರೆ ಆ ಶನಿವಾರ ಮತ್ತು ಭಾನುವಾರ ಅವನು ಕಾಗಿನೆಲೆಯಲ್ಲಿ ತಂಗಿಯ ಮದುವೆಯ ಓಡಾಟದಲ್ಲಿದ್ದನೆಂಬುದಕ್ಕೆ ಅರ್ಧ ಊರೇ ಸಾಕ್ಷಿಯಾಗಿತ್ತು.

ಮರುದಿನ ಗುರುವಾರ ಒಂಬತ್ತಕ್ಕೆ ಹಿರೇಮಠರು, ರಕ್ಷಿಸಿದವನ ಹೇಳಿಕೆಯೊಂದು ಕಡತದಲ್ಲಿರಲೆಂದು, ಇಸ್ಮಾಯಿಲಸಾಬರೊಡನೆ ಫಕ್ಕೀರಪ್ಪನ ಬಳಿಗೆ ಹೋದರು. ಅವನು ಬನ್ನಿ ಮರದಡಿ ಬೋರಲು ಹಾಕಿದ ಹರಿಗೋಲಿಗೆ ಎಣ್ಣೆ ಸವರುತ್ತಿದ್ದನು.

"ಬರ್ರಿ ಸಾಹೇಬ್ರ, ಕುಂದ್ರ್ರಿ. ನನ್ನ ಕೇಳಾಕ ಯಾರರೆ ಬರತಾರೇನು ಅಂತ ದಾರಿ ನೋಡಾಕತ್ತಿದ್ದೆ."

"ಆ ಹುಡುಗಿ ನಿಮ್ಮನ್ನು ಬಹಳ ನೆನೆದಳು."

ವೃದ್ಧನ ಮುಖ ಅರಳಿತು. ಕೇಳದೆಯೇ ನಡುಗಡ್ಡೆಯ ಕಥೆಯನ್ನು ಆರಂಭಿಸಿದನು. ಕಡಗವನ್ನು ತಿರುಗಿಸಿ ತೋರಿಸಿದನು. ಹಿರೇಮಠರು ತಡೆಯದೆ ಕೇಳಿದರು.

"ನಿಮ್ಮ ಅಳಿಯನೂ ಒಬ್ಬ ಹುಡುಗನನ್ನು ಉಳಿಸಿದನಂತೆ? ಆಗಸ್ಟ್ ಹದಿನೈದಕ್ಕೆ ಸನ್ಮಾನವಾಯಿತಂತೆ?"

"ಹೂಂ. ಮೊಣಕಾಲುದ್ದ ನೀರಾಗ ಬಿದ್ದ ಹುಡುಗನ್ನ ಎತ್ತಿದ್ದಕ್ಕ ಶಾಲು, ಹಾರ, ಪೇಪರಿನ್ಯಾಗ ಫೋಟೋ." ಅವನು ಎಲೆಯಡಿಕೆಯನ್ನು ಪಕ್ಕಕ್ಕೆ ಉಗಿದನು. "ಸೈಕಲ್ ತುಳದಂಗ ತುಳಿಯೋದು, ಅದೂ ಒಂದು ದೋಣಿಯೇನ್ರಿ? ಬಾತುಕೋಳಿ ಮಾರಿದು. ಹುಟ್ಟ ಹಿಡಿಯೋದು ಕಲಿಸಿದಾಂವ ನಾನು. ಊರೆಲ್ಲಾ ಬೋಟ್ ಮಾಂತೇಶಾ, ಬೋಟ್ ಮಾಂತೇಶಾ ಅಂತೈತಿ. ನಾನು ಅವನ ಮನಿ ಕಾಯೋ ಮುದುಕ."

ಹಿರೇಮಠರು ಹರಿಗೋಲಿನ ಮೇಲೆ ಕೈಯಿಟ್ಟರು. "ಈಗ ಎಲ್ಲರೂ ಪ್ಲಾಸ್ಟಿಕ್ ಹೊದಿಸಿ ಡಾಂಬರು ಬಳಿಯುತ್ತಾರಲ್ಲ. ಇದು ತೊಗಲಿನದೇ?"

"ಎಮ್ಮಿ ತೊಗಲು. ಪ್ಲಾಸ್ಟಿಕ್ ಹಚ್ಚಾವ್ರು ಅಂಬಿಗ್ರಲ್ರಿ, ಚೀಲ ಹೊಲಿಯಾವ್ರು. ತೊಗಲಿಗೆ ಮರ್ಯಾದಿ ಐತಿ. ಎರಡ ವರ್ಷ ಒಣಗಿತ್ತಂದ್ರ ಹಂಗ ನೀರಿಗೆ ತಳ್ಳಾಕ ಬರೂದಿಲ್ಲ. ಇಡೀ ರಾತ್ರಿ ಕಲ್ಲ ಹೇರಿ ನೆನಸಬೇಕು. ಇಲ್ಲಾಂದ್ರ ಮಡಚಿದಲ್ಲೆಲ್ಲಾ ಸೀಳತೈತಿ, ಹತ್ತ ಮಾರ ಹೋಗೂದ್ರಾಗ ಮುಳುಗತೈತಿ."

"ಇದು ಎರಡು ವರ್ಷ ಒಣಗಿತ್ತೇ?"

"ಮತ್ತ? ಬಾತುಕೋಳಿ ಬಂದ ಮ್ಯಾಲೆ ಇದನ್ನ ಯಾರ ಹತ್ತತಾರ?"

"ಹಾಗಾದರೆ ಆ ಭಾನುವಾರ ಇದು ಮುಳುಗಲಿಲ್ಲವಲ್ಲ, ಯಜಮಾನ್ರೇ?"

ಎಣ್ಣೆಯ ಅರಿವೆ ಹಿಡಿದ ಕೈ ನಿಂತಿತು. ಹಿಂದಿನ ರಾತ್ರಿಯೇ ಅದನ್ನು ನೆನೆಹಾಕಲಾಗಿತ್ತೆಂದು ಹಿರೇಮಠರಿಗೆ ಮನದಟ್ಟಾಯಿತು. ಎದ್ದು ಮನೆಯ ಅಂಗಳಕ್ಕೆ ಹೋಗಿ, ಜೋಳ ಹಸನು ಮಾಡುತ್ತಿದ್ದ ಭರಮವ್ವಳನ್ನು ಮಾತನಾಡಿಸಿದರು.

"ನಿಮ್ಮಣ್ಣ ಹರಿಗೋಲನ್ನು ಯಾವಾಗ ನೀರಿಗಿಳಿಸಿದ್ದು, ತಾಯಿ?"

"ಶನಿವಾರ ಹೊತ್ತ ಮುಳುಗೂ ಮುಂದ ಕೆರಿ ದಂಡಿ ಆಪಿನ ಹುಲ್ಲಿನ ಮರೀಗೆ ಎಳಕೊಂಡ ಹೊಂಟಿದ್ದ. ಈ ವಯಸ್ಸಿನ್ಯಾಗ ಯಾರನ್ನ ದಾಟಸ್ತಿಯೋ ಅಣ್ಣಾ ಅಂದೆ. ನಾಳೆ ನೋಡಂತಿ ಅಂದ." ಅಷ್ಟು ಹೇಳಿ ಮೊರದ ಮೇಲಿನ ಕೈಯನ್ನು ಆಕೆ ತಡೆದಳು. ಇನ್‌ಸ್ಪೆಕ್ಟರರ ಮುಖವನ್ನೇ ನೋಡಿದಳು. "ಯಾಕ್ರಿ?"

ಹಿರೇಮಠರು ಮರದಡಿಗೆ ಹಿಂದಿರುಗುವ ಹೊತ್ತಿಗೆ ಫಕ್ಕೀರಪ್ಪ ಎದ್ದು ನಿಂತಿದ್ದನು. ಎಲೆಯಡಿಕೆಯ ಚಂಚಿಯೊಳಗೆ ಕೈಹಾಕಿ, ಕರಿಯ ಪ್ಲಾಸ್ಟಿಕ್ಕಿನ ಬಿರಡೆಯನ್ನು ತೆಗೆದು, ಇಸ್ಮಾಯಿಲಸಾಬರ ಅಂಗೈಯಲ್ಲಿಟ್ಟನು.

"ಒಗದಬಿಡಬೇಕಾಗಿತ್ತಲ್ಲೋ ಕಾಕಾ," ಎಂದರು ಇಸ್ಮಾಯಿಲಸಾಬರು ಮೆಲ್ಲಗೆ.

"ದೋಣಿ ಸಾಮಾನು ನೀರಿಗೆ ಒಗಿಯಾಕ ಕೈ ಬರಲಿಲ್ಲ."

ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷಕ್ಕೆ ಅವನನ್ನು ದಸ್ತಗಿರಿ ಮಾಡಲಾಯಿತು. ಕರೆಸಿದ ಪಂಚರು ಬಿರಡೆಗೆ ಸಾಕ್ಷಿ ಬರೆದರು. ಜೀಪಿನಲ್ಲಿ ಹಿರೇಮಠರು ಒಂದೇ ಪ್ರಶ್ನೆ ಕೇಳಿದರು.

"ಯಾರಾದರೂ ಸತ್ತಿದ್ದರೆ?"

"ನಾ ಇದ್ನೆಲ್ರಿ. ನಾ ಇರೂಮುಂದ ಯಾರೂ ಸಾಯತಿದ್ದಿಲ್ಲ. ಅವನ ದೋಣಿ ಮುಳುಗಬೇಕು, ನನ್ನ ಹರಿಗೋಲು ಎತ್ತಬೇಕು, ಮಂದಿ ನೋಡಬೇಕು. ಇಷ್ಟ ಇತ್ತು. ಇನ್ನೊಂದ ದೋಣಿ ಬಂದು ಆಕಿ ಕೈ ಹಿಚಕತೈತಿ ಅಂತ..." ಅವನು ತನ್ನ ಕಡಗದ ಕೈಯನ್ನು ನೋಡಿಕೊಂಡನು.

ಪ್ರಕರಣದ ಕಲಮುಗಳು ಬದಲಾದವು. ಆರೋಪಿಯ ಹೆಸರೂ ಬದಲಾಯಿತು. ಪಂಚನಾಮೆಯ ನಕಲನ್ನು ಪರಮೇಶಪ್ಪನವರಿಗೆ ಕೊಡಲಾಯಿತು. ಮೊದಲು ನೀರು, ಆಮೇಲೆ ಎದ್ದದ್ದು ಎಂಬ ಶ್ವೇತಾಳ ಮಾತಿಗೆ ಈಗ ಸರಕಾರಿ ಸಾಕ್ಷ್ಯವಿತ್ತು. ತಪ್ಪು ಅವಳದೆಂಬ ಮಾತನ್ನು ವಿಮೆಯವರು ಹಾವೇರಿಯಲ್ಲಿ ಎತ್ತುವಂತಿರಲಿಲ್ಲ. ಅಪರಾಧದ ಕಾರಣವೆಂಬಲ್ಲಿ ಹಿರೇಮಠರು 'ಮತ್ಸರ' ಎಂದು ಬರೆದರು. ಹಣದಾಸೆಯಾಗಲಿ ಹಗೆಯಾಗಲಿ ಇಲ್ಲಿ ಕಾಣದು. ತಾನು ನೀರೆರೆದು ಬೆಳೆಸಿದ ಗಿಡದ ನೆರಳು ತನ್ನ ಮೇಲೆಯೇ ಬಿದ್ದುದನ್ನು ಒಬ್ಬ ಮನುಷ್ಯ ತಾಳಲಾರದೆ ಹೋಗಿದ್ದನು, ಅಷ್ಟೆ.

ಸಂಜೆ ಐದಕ್ಕೆ ಮಾಂತೇಶ ಬುತ್ತಿ ಹಿಡಿದು ಠಾಣೆಗೆ ಬಂದನು. ಹಿರೇಮಠರು ಒಪ್ಪಿಗೆ ಕೊಟ್ಟರು. ಅವನು ಕಂಬಿಗಳ ಈಚೆ, ನೆಲದ ಮೇಲೆ ಕುಳಿತನು.

"ಶಾಲು ತರಲಿಲ್ಲೇನು, ತೋರಸಾಕ?" ಎಂದನು ಫಕ್ಕೀರಪ್ಪ, ಗೋಡೆಯ ಕಡೆ ಮುಖ ಮಾಡಿ.

"ಅದರ ಮ್ಯಾಲೆ ಅವ್ವ ಹಪ್ಪಳ ಒಣಹಾಕ್ಯಾಳ."



"ಸನ್ಮಾನದ ದಿನ ಮೈಕ್ ಮುಂದ ಒಂದ ಸಲಾನೂ ನನ್ನ ಹೆಸರ ತಗೀಲಿಲ್ಲ ನೀ."

"ಅಷ್ಟ ಮಂದಿ ಇದ್ರು ಮಾವಾ. ನನ್ನ ಹೆಸರ ಹೇಳಾಕೂ ಬಾಯಿ ಬರಲಿಲ್ಲ ನನಗ." ಮಾಂತೇಶ ರೊಟ್ಟಿಯ ಗಂಟನ್ನು ಬಿಚ್ಚಿ ಕಂಬಿಯೊಳಗೆ ಸರಿಸಿದನು. "ಆ ಹುಡುಗಿ ಕೈ ಹಾಳ ಮಾಡಿದಿ. ನನ್ನ ಅನ್ನಕ್ಕೂ ಮಣ್ಣ ಹಾಕಿದಿ. ಸಿಟ್ಟ ಐತಿ ನನಗ, ಇಲ್ಲಂತ ಹೇಳೂದಿಲ್ಲ. ಆದ್ರ ಅವತ್ತ ಆ ಹುಡುಗ ಮುಳುಗೂ ಮುಂದ ನನ್ನ ಕಾಲ ಹಿಂದಕ ಸರದಿದ್ವು. ಕೂಸಿನ ಜೋಳಗಿ ನೀ ಹಲ್ಲಾಗ ಹಿಡದದ್ದು ನೆನಪಾತು. ಆಗ ಜಿಗದೆ."

ವೃದ್ಧನು ತಿರುಗಿ ನೋಡಿದನು.

"ಸಣ್ಣಾಂವ ಇದ್ದಾಗ ದಿನಾ ಹೇಳತಿದ್ದಿ," ಎಂದನು ಮಾಂತೇಶ. "ಹುಟ್ಟ ಮುರೀತಲ್ಲ, ಅಲ್ಲಿಂದ ಇನ್ನೊಮ್ಮೆ ಹೇಳು ಮಾವಾ."