ಗಿರಣಿಯ ಹಿಂದಿನ ಗೋಡೆ

"ನನ್ನ ಕುರ್ಚಿಯಲ್ಲಿ ಯಾರು ಕೂತಿರೋದು?!"

ಕೊರಾಲಿ ಬಾಗಿಲಲ್ಲೇ ನಿಂತುಬಿಟ್ಟಳು. ಅವಳ ಕಂಪ್ಯೂಟರ್ ಮುಂದೆ ಅಪರಿಚಿತ ಯುವಕನೊಬ್ಬ ಕುಳಿತಿದ್ದ. ಪರದೆಯ ಮೇಲೆ ಅವಳ ಸ್ಟುಡಿಯೋ ತಯಾರಿಸುತ್ತಿದ್ದ ಕಂಪ್ಯೂಟರ್ ಆಟದ ಕೊನೆಯ ದೃಶ್ಯ... ತಾಯಿಯನ್ನು ಹುಡುಕಿ ಹೊರಟ ಹುಡುಗಿಗೆ ಕೊನೆಗೂ ತಾಯಿ ಸಿಗುವ ದೃಶ್ಯ. ಹೊರಗಿನವರು ಯಾರೂ ನೋಡಬಾರದ ದೃಶ್ಯ!

ಅವನು ಗಡಬಡಿಸಿ ಎದ್ದ. ಕಣ್ಣು ಒದ್ದೆಯಾಗಿತ್ತು.

"ಕ್ಷಮಿಸಿ... ನಾನು ಎರ್ವಾನ್, ಹೊಸ ಪ್ರೋಗ್ರಾಮರ್. ಸೋಲಾಂಜ್ ಇಲ್ಲೇ ಕೂತ್ಕೋ ಅಂದ್ರು. ಇದನ್ನ ಮಾಡಿದ್ದು ನೀವೇನಾ?"

"ನಾನೇ. ಈಗ ಸ್ವಲ್ಪ ಜಾಗ ಬಿಡ್ತೀರಾ?"

ಮಾತು ಖಾರವಾಗಿಯೇ ಬಂತು. ಆದರೆ ಆ ಒದ್ದೆ ಕಣ್ಣು ಅವಳ ಮನಸ್ಸಿನಿಂದ ಇಡೀ ದಿನ ಹೋಗಲಿಲ್ಲ.

ಲಿಯೋನ್ ನಗರದ ಕ್ರುವಾ-ರೂಸ್ ಗುಡ್ಡದಲ್ಲಿ, ಹಿಂದೆ ರೇಷ್ಮೆ ನೇಯುತ್ತಿದ್ದ ಎತ್ತರದ ಸೂರಿನ ಮನೆಯಲ್ಲಿ ಆ ಪುಟ್ಟ ಸ್ಟುಡಿಯೋ ಇತ್ತು. ಬೆರಳೆಣಿಕೆಯ ಜನ, ಯಜಮಾನಿ ಸೋಲಾಂಜ್, ವರ್ಷಗಟ್ಟಲೆ ಜೀವ ತೇಯ್ದು ಕಟ್ಟುತ್ತಿದ್ದ ಒಂದೇ ಒಂದು ಆಟ. ಆಟಕ್ಕೆ ಹಣ ಹಾಕಿ ಮಾರುಕಟ್ಟೆಗೆ ತರಲಿದ್ದ ಪ್ಯಾರಿಸ್ಸಿನ ಪ್ರಕಾಶಕರು ಕೈಬಿಟ್ಟರೆ ಬಾಗಿಲು ಹಾಕಬೇಕಿತ್ತು, ಅಷ್ಟೇ.

ಎರ್ವಾನ್ ಬಂದದ್ದು ಪ್ಯಾರಿಸ್ಸಿನ ದೊಡ್ಡ ಕಂಪನಿಯಿಂದ. 'ದೊಡ್ಡ ಕೆಲಸ ಬಿಟ್ಟು ಈ ಗೂಡಿಗೆ ಬರೋಕೆ ಇವನಿಗೇನು ಹುಚ್ಚಾ? ಅಥವಾ ಯಾರಾದರೂ ಕಳಿಸಿದ್ದಾರಾ?' ಎಂದು ಕೊರಾಲಿಗೆ ಅನುಮಾನ.

ಚಿತ್ರಗಾರ ಜಿಲ್ದಾ ಬೇರೆ ಉರಿಯುವ ಬೆಂಕಿಗೆ ತುಪ್ಪ ಸುರಿದ. "ಪಶ್ಚಿಮದ ಕಡಲ ಸೀಮೆ ಬ್ರಿಟನಿಯವನು ಕಣೇ ಅವನು. ಬೆಣ್ಣೆಗೂ ಉಪ್ಪು ಹಾಕಿ ತಿನ್ನೋ ಜನ, ಹುಷಾರು!"

ಕೊರಾಲಿ ನಕ್ಕಳು. ಆದರೆ ಅನುಮಾನ ನಗಲಿಲ್ಲ. ಹಿಂದೊಮ್ಮೆ ಪ್ರೀತಿಯ ಹೆಸರಲ್ಲಿ ಬಂದವನೊಬ್ಬ ಅವಳು ಬರೆದ ಕಥೆಯನ್ನೇ ಹೊತ್ತೊಯ್ದು ತನ್ನದೆಂದು ಮಾರಿಕೊಂಡಿದ್ದ. ಹಾಗಾಗಿ ಎರ್ವಾನ್ ಅವಳಿಗೆಂದು ಬಿಸಿ ಕಾಫಿ ತಂದಿಟ್ಟಾಗಲೆಲ್ಲ ಎದೆ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಸಂತೋಷಕ್ಕೋ, ಭಯಕ್ಕೋ... ಅವಳಿಗೇ ತಿಳಿಯುತ್ತಿರಲಿಲ್ಲ.

ವಸಂತದಲ್ಲಿ ಊರಿನಲ್ಲಿ ಕಂಪ್ಯೂಟರ್ ಆಟಗಳ ಮೇಳ ನಡೆಯಿತು. ಜನ ಆಡಿ ನೋಡಲೆಂದು ಮೊದಲ ಅಧ್ಯಾಯದ ಮಾದರಿ ಪ್ರತಿಯನ್ನು ಕೊರಾಲಿಯೇ ತಯಾರಿಸಿ ಕೊಟ್ಟಳು. ಎರ್ವಾನ್ ಮಳಿಗೆಯಲ್ಲಿ ನಿಂತು ಆಡಿಸಿದ.

ಮರುದಿನ ಅವನು ಮೆಟ್ಟಿಲ ಬಳಿ ತಗ್ಗಿದ ದನಿಯಲ್ಲಿ ಫೋನಿನಲ್ಲಿ ಮಾತನಾಡುತ್ತಿದ್ದ.

"ಕೊನೆಯ ದೃಶ್ಯದ ವಿಡಿಯೋ ವಿಷಯ... ನಮ್ಮ ಸ್ಟುಡಿಯೋದಲ್ಲಿ ಯಾರಿಗೂ ಗೊತ್ತಾಗಬಾರದು. ದಯವಿಟ್ಟು!"

ಕೊರಾಲಿಯನ್ನು ಕಂಡದ್ದೇ ಫೋನ್ ಇಟ್ಟುಬಿಟ್ಟ. ಮುಖ ಬಿಳಚಿಕೊಂಡಿತ್ತು.

ಅದೇ ವಾರ ಕೊನೆಯ ದೃಶ್ಯ ಇಂಟರ್ನೆಟ್ಟಿನಲ್ಲಿ ಹರಿದಾಡಿತು! ಪ್ಯಾರಿಸ್ಸಿನ ಪ್ರಕಾಶಕರಿಂದ ಫೋನ್ ಬಂತು: ನಿಮ್ಮೊಳಗಿನ ಕಳ್ಳ ಯಾರೆಂದು ಹೇಳಿ, ಇಲ್ಲವೇ ಒಪ್ಪಂದ ಮರೆತುಬಿಡಿ.

ಆ ಸ್ಟುಡಿಯೋದಲ್ಲಿ ಮಧ್ಯಾಹ್ನ ಎಲ್ಲರೂ ಒಂದೇ ಮೇಜಿನಲ್ಲಿ ಉಣ್ಣಬೇಕು, ಊಟದ ಹೊತ್ತಲ್ಲಿ ಕೆಲಸದ ಮಾತು ಆಡಬಾರದು. ಅಂದು ಕೊರಾಲಿ ಆ ನಿಯಮವನ್ನು ಮುರಿದಳು.

"ಎರ್ವಾನ್, ಫೋನಲ್ಲಿ ಯಾರ ಹತ್ರ ಮಾತಾಡ್ತಿದ್ದೆ? ಎಷ್ಟಕ್ಕೆ ಮಾರಿದೆ ನಮ್ಮನ್ನ?"

ಸೋಲಾಂಜ್ ಕೈಯಲ್ಲಿದ್ದ ಬ್ರೆಡ್ ಹಾಗೇ ನಿಂತಿತು. "ಏನೋ ಇದು? ಹೇಳಪ್ಪಾ!"

ಎರ್ವಾನ್ ಕೊರಾಲಿಯನ್ನೇ ನೋಡಿದ. ಕೋಟು ತೆಗೆದುಕೊಂಡು ಹೊರಗೆ ನಡೆದ.

'ನೋಡಿದೆಯಾ? ಕಳ್ಳ!' ಎಂದು ಬುದ್ಧಿ ಹೇಳಿತು. ಆದರೆ ಕೊರಾಲಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ತನ್ನ ಕಂಪ್ಯೂಟರ್ ಮುಂದೆ ಹೋಗಿ ಕುಳಿತಳು.

ಅಲ್ಲಿಯವರೆಗೆ ಸಿಟ್ಟಿನಲ್ಲಿ ಅವಳು ಆ ವಿಡಿಯೋವನ್ನು ಪೂರ್ತಿ ನೋಡಿರಲೇ ಇಲ್ಲ. ಈಗ ಮೊದಲಿನಿಂದ ನೋಡಿದಳು. ಯಾರೋ ಆಟಗಾರ ಆಟದ ಹುಡುಗಿಯನ್ನು ಮೊದಲ ಅಧ್ಯಾಯದಲ್ಲಿ ಬರುವ ಗಿರಣಿಯ ಹಿಂದಕ್ಕೆ ಓಡಿಸುತ್ತಾನೆ. ಅವಳು ಗೋಡೆಗೆ ಒರಗುತ್ತಾಳೆ. ಮರುಕ್ಷಣ ಗೋಡೆಯೊಳಗೇ ತೂರಿ ಆಚೆ ಬೀಳುತ್ತಾಳೆ... ನೇರ ಕೊನೆಯ ದೃಶ್ಯಕ್ಕೆ!

ಕೊರಾಲಿ ವಿಡಿಯೋ ನಿಲ್ಲಿಸಿದಳು. ಮೇಳದ ಅವಸರದಲ್ಲಿ ಅವಳು ಕೊನೆಯ ದೃಶ್ಯವನ್ನು ಮಾದರಿಯಿಂದ ತೆಗೆದುಹಾಕಿರಲಿಲ್ಲ. ಆ ಗೋಡೆಯ ಹಿಂದೆ ಬಚ್ಚಿಟ್ಟಿದ್ದಳು, ಅಷ್ಟೇ. ಗೋಡೆಗೆ ಬಣ್ಣ ಬಳಿದಿದ್ದಳು, ಪಾತ್ರಗಳು ಒಳತೂರದಂತೆ ಅದನ್ನು ಗಟ್ಟಿ ಮಾಡುವುದನ್ನೇ ಮರೆತಿದ್ದಳು!

'ಅಯ್ಯೋ... ಕಳ್ಳಿ ನಾನೇ!'

ಅವಳು ತಡಮಾಡಲಿಲ್ಲ. ಎಲ್ಲರ ಮುಂದೆ ನಿಂತು ಹೇಳಿದಳು. "ಎರ್ವಾನ್ ಏನೂ ಮಾಡಿಲ್ಲ. ಗೋಡೆ ನನ್ನದು, ತಪ್ಪೂ ನನ್ನದೇ. ಪ್ಯಾರಿಸ್ಸಿಗೆ ನನ್ನ ಹೆಸರೇ ಹೇಳಿ."

ಸೋಲಾಂಜ್ ಬೈದಳು, ಚೆನ್ನಾಗಿಯೇ ಬೈದಳು. ಆಮೇಲೆ ಒಳಗೆ ಹೋಗಿ ಫೋನಿನಲ್ಲಿ ಬಹಳ ಹೊತ್ತು ಮಾತನಾಡಿ ಬಂದಳು. "ಕಳ್ಳತನ ಅಲ್ಲ ಅಂದ್ಮೇಲೆ ಸ್ವಲ್ಪ ತಣ್ಣಗಾದ್ರು. ಆದ್ರೆ ಕೊನೆಯ ದೃಶ್ಯ ಹೊಸದಾಗಿ ಬೇಕಂತೆ. ನೀನೇ ಮಾಡ್ಬೇಕು. ಮೊದಲು ಹೋಗಿ ಆ ಹುಡುಗನ್ನ ಕರ್ಕೊಂಡು ಬಾ!"

ಎರ್ವಾನ್ ಸೋನ್ ನದಿಯ ದಂಡೆಯ ಬೆಂಚಿನಲ್ಲಿ ಕುಳಿತಿದ್ದ. ಅವಳು ಏದುಸಿರು ಬಿಡುತ್ತಾ ಎದುರು ನಿಂತಳು.

"ನಿಂಗೆ ಗೊತ್ತಿತ್ತು ಅಲ್ವಾ?"

"ಮೇಳದಲ್ಲೇ ನೋಡ್ದೆ. ಕೂಡ್ಲೇ ಗೋಡೆ ಸರಿಮಾಡ್ದೆ. ಆದ್ರೆ ಒಬ್ಬ ಆಗಲೇ ವಿಡಿಯೋ ಮಾಡ್ಕೊಂಡಿದ್ದ. ನಂಬರ್ ಇಸ್ಕೊಂಡು, ಹಾಕ್ಬೇಡಪ್ಪಾ ಅಂತ ಅವನನ್ನೇ ಫೋನಲ್ಲಿ ಬೇಡ್ಕೊಳ್ತಿದ್ದೆ. ಕೇಳ್ಲಿಲ್ಲ."

"ನಂಗ್ಯಾಕೆ ಹೇಳ್ಲಿಲ್ಲ?! ನನ್ನ ತಪ್ಪು ಮುಚ್ಚೋಕೆ ನೀನ್ಯಾರು?" ಅವಳ ದನಿ ಒಡೆಯಿತು. "ಎಲ್ಲರ ಮುಂದೆ ನಿನ್ನ ಕಳ್ಳ ಅಂದೆನಲ್ಲೋ..."

"ಆ ದೃಶ್ಯ ನೋಡಿ ಮೊದಲ ದಿನವೇ ಅತ್ತವನು ನಾನು. ನಿನ್ನ ಕೈಯಿಂದಲೇ ಅದು ಹಾಳಾಯ್ತು ಅಂತ ಹೇಳೋಕೆ ಬಾಯಿ ಬರಲಿಲ್ಲ. ತಪ್ಪು ಮಾಡ್ದೆ, ಹೇಳ್ಬೇಕಿತ್ತು."

ಕೊರಾಲಿ ಕಣ್ಣೊರೆಸಿಕೊಂಡಳು. "ನಾನು ನಿನ್ನ ಪ್ರೀತಿಸ್ತೀನಿ ಎರ್ವಾನ್. ನಿನ್ನ ಮೇಲೆ ಅಷ್ಟೊಂದು ಅನುಮಾನ ಪಟ್ಟಿದ್ದೂ ಅದಕ್ಕೇ. ಮತ್ತೆ ಮೋಸ ಹೋಗ್ತೀನೇನೋ ಅಂತ ಹೆದರಿದ್ದೆ."

ಎರ್ವಾನ್ ಅವಳ ಕಡೆ ತಿರುಗಿದ.

"ನಾನೂ ಪ್ರೀತಿಸ್ತೀನಿ. ಆದ್ರೆ ಕೋಪ ಇನ್ನೂ ಹೋಗಿಲ್ಲ ಕೊರಾಲಿ."

"ಹೋಗೋವರೆಗೂ ಇಲ್ಲೇ ಇರ್ತೀನಿ."

"ತುಂಬಾ ತಡ ಆಗ್ಬಹುದು."

"ಆಗ್ಲಿ ಬಿಡು."

ಎರ್ವಾನ್ ಬೆಂಚಿನಲ್ಲಿ ಸ್ವಲ್ಪ ಪಕ್ಕಕ್ಕೆ ಸರಿದು ಅವಳಿಗೆ ಜಾಗ ಮಾಡಿದ.