ಅರಿಶಿನ ಬಿದ್ದ ಮಡು

"ಗಾಳ ಎಸೆಯೋದು ಕಲೀಬೇಕಂತ ಬಂದೀನ್ರಿ. ಚಂದ್ರಕಲಾ ಅಂದ್ರ ನೀವೇ ಏನ್ರಿ?"

ಹುಂಜದ ಪುಕ್ಕವನ್ನು ಗಾಳಕ್ಕೆ ಕಟ್ಟುತ್ತ ಕೂತಿದ್ದ ಚಂದ್ರಕಲಾಳ ಕೈ ಅಲ್ಲೇ ನಿಂತಿತು. ಗಾಳದ ಮೊನೆ ಚುಚ್ಚಿ ಬೆರಳಲ್ಲಿ ರಕ್ತ ಬಂದದ್ದೂ ಅವಳಿಗೆ ತಿಳಿಯಲಿಲ್ಲ.

ಆ ಮುಖವನ್ನು ಅವಳು ಹಿಂದೆಂದೂ ನೋಡಿರಲಿಲ್ಲ. ಆದರೆ ಆ ದನಿ... ಎರಡು ವರ್ಷದಲ್ಲಿ ನೂರು ಸಲ ಕೇಳಿದ ದನಿ!

ಇಡೀ ತಾಲೂಕಿನ ಮೊಬೈಲುಗಳಲ್ಲಿ ಹರಿದಾಡಿದ ವಿಡಿಯೊ ಅದು. ಕಾಗಿಣಾ ನದಿಯ ಮಡುವಿನಲ್ಲಿ ಸತ್ತ ಮೀನುಗಳು ತೇಲುತ್ತಿವೆ. ಕೆಂಪು ರುಮಾಲಿನ ಮುದುಕನೊಬ್ಬ ನೀರಿಗೆ ಏನೋ ಪುಡಿ ಸುರಿಯುತ್ತಿದ್ದಾನೆ. ಸೇತುವೆಯ ಮೇಲಿನಿಂದ ಚಿತ್ರ ತೆಗೆದವನ ದನಿ ಮಾತ್ರ ಕೇಳುತ್ತದೆ: "ನೋಡ್ರಿ, ಇವನೇ ಹೊಳಿಗಿ ವಿಷ ಹಾಕಾಕತ್ತಾನ."

ಆ ಮುದುಕ ಚಂದ್ರಕಲಾಳ ಅಪ್ಪ ಅಂಬರಾಯ. ಅವನ ಕೈಯಲ್ಲಿದ್ದದ್ದು ಅರಿಶಿನ. ಮೀನು ಗುಂಪುಗುಂಪಾಗಿ ಸತ್ತರೆ ಹೊಳೆಗೆ ಗಾಯವಾಗಿದೆ ಎಂದು ಅರಿಶಿನ ಹಾಕುವುದು ಅವರ ಮನೆತನದ ಪದ್ಧತಿ. ಆ ಬೇಸಿಗೆಯಲ್ಲಿ ನೀರು ಇಳಿದು, ಕಾದು, ಮೀನು ಸತ್ತಿದ್ದವು. ದೂರದಿಂದ ತೆಗೆದ ಚಿತ್ರದಲ್ಲಿ, ಸುಡುಬಿಸಿಲಿಗೆ, ಪುಡಿ ಬೆಳ್ಳಗೆ ಕಾಣುತ್ತಿತ್ತು. ಹಳಬರು ಹೇಳಿ ನೋಡಿದರು, ವಿಡಿಯೊದ ಮುಂದೆ ಅವರ ಮಾತನ್ನು ಯಾರು ಕೇಳುತ್ತಾರೆ?

ಮೀನುಗಾರರ ಸಂಘ ಅಂಬರಾಯನನ್ನು ಹೊರಗೆ ಹಾಕಿತು. ಅವನು ಬಲೆಯನ್ನು ಮೊಳೆಗೆ ತೂಗುಹಾಕಿದ, ರುಮಾಲು ಬಿಚ್ಚಿಟ್ಟ, ಮತ್ತೆ ಹೊಳೆಯ ದಂಡೆ ತುಳಿಯಲಿಲ್ಲ. ಮಗಳು ಪಟ್ಟಣದವರಿಗೆ ಪುಕ್ಕದ ಗಾಳದ ಆಟ ಕಲಿಸಿ ಮನೆ ನಡೆಸುತ್ತಿದ್ದಳು. ಮೀನು ಹಿಡಿದು, ಮುದ್ದಾಡಿ, ಮತ್ತೆ ನೀರಿಗೇ ಬಿಡುವ ಆಟ ಅದು.

ಬಂದವನ ಹೆಸರು ಚೌಡೇಶ, ಸೇಡಂನ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರದ ಮೇಷ್ಟ್ರು. ತಾನು ಯಾರ ಮುಂದೆ ನಿಂತಿದ್ದೇನೆಂಬುದು ಪಾಪ ಅವನಿಗೆ ಗೊತ್ತಿರಲಿಲ್ಲ.

"ಮೊದಲ ಮೀನ ಸಿಗೋತನ ಕಲಿಸ್ತೀನ್ರಿ ಸರ್," ಎಂದಳು ಅವಳು ನಗುನಗುತ್ತ. "ಸಿಕ್ಕ ದಿನ ನಿಮ್ಮ ದಾರಿ ನಿಮಗ, ನನ್ನ ದಾರಿ ನನಗ."

ಒಳಗೆ ಮಾತ್ರ ಬೇರೆಯೇ ಕುದಿಯುತ್ತಿತ್ತು. 'ನಿನಗ ಒಂದು ಮೀನ ಸಿಗಂಗ ಮಾಡಿದ್ರ ನಾ ಅಂಬರಾಯನ ಮಗಳೇ ಅಲ್ಲ. ಮಾಡಿದ್ದುಣ್ಣೋ ಮಹಾರಾಯ...'

ಮಳೆಗಾಲದಲ್ಲಿ ಅವಳು ಅವನನ್ನು ಕೆಸರು ನೀರಿಗೇ ಕರೆದೊಯ್ದಳು, ಅಲ್ಲಿ ಗಾಳ ಮೀನಿಗೆ ಕಾಣುವಂತೆಯೇ ಇರಲಿಲ್ಲ. ಪಾಚಿಗಟ್ಟಿದ ಪರಸಿ ಹಾಸುಗಲ್ಲಿನ ಮೇಲೆ ನಿಲ್ಲಿಸಿದಳು. ಅವನು ಮೂರು ಸಲ ಜಾರಿಬಿದ್ದ, ಮೂರು ಸಲವೂ ಇವಳು ಆ ಕಡೆ ತಿರುಗಿ ನಕ್ಕಳು. ಚಳಿಗಾಲದಲ್ಲಿ ನೀರು ತಿಳಿಯಾದಾಗ ಸೂರ್ಯನಿಗೆ ಬೆನ್ನು ಕೊಟ್ಟು ನಿಲ್ಲಲು ಹೇಳಿದಳು. ಅವನ ಉದ್ದ ನೆರಳು ಮಡುವಿನ ಮೇಲೆ ಬೀಳುತ್ತಲೇ ಮೀನುಗಳೆಲ್ಲ ಪರಾರಿ.

ಆದರೂ ಅವನು ಪ್ರತಿ ಭಾನುವಾರ ಬರುತ್ತಿದ್ದ. ರೊಟ್ಟಿ, ಪುಂಡಿಪಲ್ಯದ ಡಬ್ಬಿ ತಂದು ಮೊದಲು ಅವಳ ಮುಂದಿಡುತ್ತಿದ್ದ. ಒಮ್ಮೆ ಗಾಳ ಅವಳ ಓಢಣಿಗೆ ಸಿಕ್ಕಿಕೊಂಡಾಗ, ಬಟ್ಟೆ ಹರಿಯದಿರಲೆಂದು ಅರ್ಧ ಗಂಟೆ ಕೂತು ಬಿಡಿಸಿದ. ಜ್ವರ ಬಂದು ಅವಳು ಹೋಗದ ದಿನ ಮಧ್ಯಾಹ್ನದವರೆಗೂ ಕಾದು, ದಂಡೆಯಲ್ಲಿ ಯಾರೋ ಬಿಸಾಕಿದ್ದ ಹರಕು ಬಲೆಗಳನ್ನೆಲ್ಲ ಆರಿಸಿ ಗುಡ್ಡೆ ಹಾಕಿ ಹೋಗಿದ್ದ.

ಅವಳ ಮನಸ್ಸು ಕರಗಿತು. ಕರಗಿದ್ದಕ್ಕೆ ತನ್ನ ಮೇಲೆಯೇ ಉರಿದುಬಿದ್ದಳು. ಭಾನುವಾರ ಯಾವಾಗ ಬರುತ್ತದೋ ಎಂದು ಕಾಯುವುದು ಸೇಡಿಗೋ, ಅವನಿಗೋ... ಅವಳಿಗೇ ತಿಳಿಯದಾಯಿತು. ಆಗೆಲ್ಲ ಮನೆಗೆ ಹೋಗಿ ಮೊಳೆಯ ಮೇಲಿನ ಬಲೆಯನ್ನು ನೋಡುತ್ತಿದ್ದಳು. ಎತ್ತಿನ ಹುಣ್ಣಿನ ನೋವು ಕಾಗೆಗೇನು ಗೊತ್ತು ಎಂದುಕೊಂಡು ಮತ್ತೆ ಕಲ್ಲಾಗುತ್ತಿದ್ದಳು.

ಬೇಸಿಗೆ ಬಂತು. ಅದೇ ಮಡುವಿನಲ್ಲಿ ಮತ್ತೆ ಮೀನು ಸತ್ತು ತೇಲಿದವು.

ಇದಕ್ಕಾಗಿಯೇ ಅವಳು ಕಾದಿದ್ದಳು. ಒಂದು ಚೀಲ ಚೌಡೇಶನ ಕೈಗಿತ್ತು, ನಮ್ಮ ಪದ್ಧತಿ, ನೀರಿಗೆ ಹಾಕಿ ಎಂದಳು. ತಾನು ದೂರ ಸರಿದು ಮೊಬೈಲ್ ಎತ್ತಿದಳು. ನಾಳೆ ಸೇಡಂ, ಚಿತ್ತಾಪುರ, ವಾಡಿ ಎಲ್ಲ ಕಡೆಗೂ ಈ ಮೇಷ್ಟ್ರು ವಿಷ ಹಾಕುವುದು ಕಾಣಲಿ!

ಅವನು ಒಂದು ಹಿಡಿ ತೆಗೆದು ಹಾಕಿದ. ಪುಡಿ ಗಾಳಿಗೆ ಹಾರಿ ಬಿಸಿಲಲ್ಲಿ ಬೆಳ್ಳಗೆ ಹೊಳೆಯಿತು. ನೀರಿಗೆ ಬಿದ್ದ ಮೇಲಷ್ಟೇ ಹಳದಿಯಾಯಿತು.

ಅವನ ಕೈ ನಿಂತುಬಿಟ್ಟಿತು.

"ಅರಿಶಿನ ಏನ್ರಿ ಇದು?"

"ಹೌದ್ರಿ. ಮೀನ ಸತ್ರ ಹೊಳಿಗಿ ಗಾಯ ಆಗ್ಯಾದಂತ ಹಾಕ್ತೀವಿ."

ಚೌಡೇಶ ಕಲ್ಲಿನ ಮೇಲೆ ಕೂತ. ಮೂರು ವರ್ಷದ ಹಿಂದೆ ಇಲ್ಲೇ ಒಬ್ಬ ಹಿರಿಯರ ವಿಡಿಯೊ ತೆಗೆದಿದ್ದೆ, ವಿಷ ಎಂದಿದ್ದೆ, ದೊಡ್ಡ ಪುಣ್ಯದ ಕೆಲಸ ಮಾಡಿದೆ ಎಂದುಕೊಂಡಿದ್ದೆ ಎಂದು ತಡವರಿಸುತ್ತ ಹೇಳಿದ.

"ಆ ಮುದುಕ ನಮ್ಮಪ್ಪ," ಎಂದಳು ಚಂದ್ರಕಲಾ. ಈ ಗಳಿಗೆಯಲ್ಲಿ ನಗುತ್ತೇನೆ ಎಂದುಕೊಂಡಿದ್ದವಳಿಗೆ ನಗು ಬರಲಿಲ್ಲ. "ಈಗ ನಿಮ್ಮ ವಿಡಿಯೊ ನನ್ನ ಕೈಯಾಗ ಅದ."

ಅವನು ಅವಳ ಕೈಯಲ್ಲಿದ್ದ ಮೊಬೈಲನ್ನೇ ನೋಡಿದ. ಎಲ್ಲವೂ ಅವನಿಗೆ ತಿಳಿಯಿತು. ಸಿಟ್ಟಾಗಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ.

"ಬಂದ್ ಮಾಡಬ್ಯಾಡ್ರಿ," ಎಂದು ಎದ್ದು ನಿಂತ. "ನಾನು ಚೌಡೇಶ. ಮೂರು ವರ್ಷದ ಹಿಂದಿನ ಆ ವಿಡಿಯೊದಾಗಿನ ದನಿ ನಂದೇ. ಆ ಹಿರಿಯರ ಕೈಯಾಗ ವಿಷ ಇರಲಿಲ್ಲ, ಅರಿಶಿನ ಇತ್ತು. ಕೇಳದನ ಹೇಳಿದೆ. ತಪ್ಪು ನಂದು."

ಅವಳು ಕೊನೆಯವರೆಗೂ ಚಿತ್ರ ತೆಗೆದಳು. ಆದರೂ ಅಂಬರಾಯನ ಮಗಳು ಅಷ್ಟಕ್ಕೇ ಬಿಡುವವಳಲ್ಲ.

"ಮೊಬೈಲಿಗಿ ಹೇಳಿದ್ರ ಸಾಲಂಗಿಲ್ಲ. ನಮ್ಮಪ್ಪನ ಮುಂದ ಬಂದು ಹೇಳ್ರಿ."

ಅವನು ಆಗಲೇ ಹೊರಟ. ಅಂಬರಾಯ ಕಣ್ಣು ಮುಚ್ಚಿ ಆ ದನಿಯನ್ನು ಕೊನೆಯವರೆಗೂ ಕೇಳಿದ. ಆಮೇಲೆ ಒಂದೇ ಮಾತು ಕೇಳಿದ: "ಅವತ್ತ ಕೆಳಗ ಇಳಿದು ಬಂದು, ಏನ್ ಹಾಕಾಕತ್ತೀದಿ ಮುತ್ಯಾ ಅಂತ ಕೇಳಿದ್ರ ನಾ ಹೇಳ್ತಿರಲಿಲ್ಲ ಏನ್ ತಮ್ಮಾ?"

ಚೌಡೇಶ ಕಾಲು ಮುಟ್ಟಿ ನಮಸ್ಕರಿಸಿ ಎದ್ದು ಹೋದ.

ಚಂದ್ರಕಲಾ ಹರಿಬಿಟ್ಟ ಹೊಸ ವಿಡಿಯೊ ಹಳೆಯದರಷ್ಟು ಓಡಲಿಲ್ಲ, ಆದರೆ ಓಡಬೇಕಾದಲ್ಲಿಗೆ ಓಡಿತು. ಸಂಘದವರು ಮರಳಿ ಸೇರಿಸಿಕೊಳ್ಳುತ್ತೇವೆಂದು ಮನೆಗೆ ಬಂದರು. ಅಂಬರಾಯ ಅವರಿಗೆ ಚಹಾ ಕೊಟ್ಟ, ಮಾತು ಕೊಡಲಿಲ್ಲ. ಚಂದ್ರಕಲಾಳೂ ಐದು ಭಾನುವಾರ ಹೊಳೆಗೆ ಹೋಗಲಿಲ್ಲ. ಮೊದಲ ಮಳೆ ಬಿದ್ದ ಮರುದಿನ ಮುದುಕ ತಾನಾಗಿಯೇ ಕೆಂಪು ರುಮಾಲು ಸುತ್ತಿಕೊಂಡು, ಮೊಳೆಯ ಮೇಲಿನ ಬಲೆ ಇಳಿಸಿದ. ಅದನ್ನು ನೋಡಿ ಅವಳು ಮೂಲೆಯಲ್ಲಿ ನಿಂತು ಅತ್ತುಬಿಟ್ಟಳು.

ಅಪ್ಪನ ಹಿಂದೆ ಅವಳೂ ಹೊಳೆಗೆ ಬಂದಳು. ಅದು ಭಾನುವಾರವೇ. ಚೌಡೇಶ ಸೂರ್ಯನಿಗೆ ಬೆನ್ನು ಕೊಟ್ಟು, ಅವಳು ಕಲಿಸಿದಂತೆಯೇ ತಪ್ಪಾಗಿ ನಿಂತಿದ್ದ. ಅವಳು ಅವನ ಮೊಣಕೈ ಹಿಡಿದು ಈ ಬದಿಗೆ ತಿರುಗಿಸಿದಳು. ನೆರಳು ನೀರಿನಿಂದ ಸರಿಯಿತು.

ಎರಡನೆಯ ಎಸೆತಕ್ಕೇ ಕೊರಮೀನೊಂದು ಗಾಳ ಕಚ್ಚಿತು. ಅವನು ಅದನ್ನು ಬಿಡಿಸಿ ನೀರಿಗೆ ಬಿಟ್ಟ. ಮುಖದಲ್ಲಿ ಸಂತೋಷವೇ ಇರಲಿಲ್ಲ.

"ವರ್ಷಪೂರ್ತಿ ನಿಮಗ ತಪ್ಪೇ ಕಲಿಸೀನ್ರಿ," ಎಂದಳು ಅವಳು, ತಲೆ ತಗ್ಗಿಸಿ.

"ಚಳಿಗಾಲದಾಗೇ ಗೊತ್ತಾಗಿತ್ರಿ."

"ಮತ್ತ ಯಾಕ ಸುಮ್ನಿದ್ರಿ?"

"ಮೀನ ಸಿಕ್ಕ ದಿನ ನಿಮ್ಮ ದಾರಿ ನಿಮಗ ಅಂದಿದ್ರಲ್ಲ... ಅದಕ್ಕ."

ಕೆಳಗಿನ ಮಡುವಿನಲ್ಲಿ ಅಂಬರಾಯ ಬಲೆ ಬೀಸಿದ ಸಪ್ಪಳ ಕೇಳಿತು. ಚಂದ್ರಕಲಾ ಒದ್ದೆ ಕಣ್ಣಲ್ಲೇ ನಕ್ಕಳು.

"ಇನ್ನೂ ಒಂದೇ ಮೀನ ಸಿಕ್ಕದ. ಬರೋ ಭಾನುವಾರ ಬರ್ರಿ," ಎಂದಳು. "ರೊಟ್ಟಿ ನಾ ತರ್ತೀನಿ."